ಹೊಟ್ಟೆನೋವು ಅಂತ ಬಂದವರನ್ನು ‘ನಿಮ್ಮ ಮನೆಯಲ್ಲಿ ಇನ್ಯಾರಿಗೆ ಆಗಿತ್ತು?’ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಹೊಟ್ಟೆಯ, ಅಂದರೆ ಜಠರದ, ಕ್ಯಾನ್ಸರ್ ಬಗ್ಗೆ ಬರಹ ಬಂದಿತ್ತು. ಉಪ್ಪು ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಬೀಡಿ ಸಿಗರೇಟು ಬಿಡಿ ಅಂತ. ಅದರಲ್ಲಿ ತಪ್ಪೇನೂ ಇಲ್ಲ. ಉಪ್ಪು ಜಾಸ್ತಿ ತಿನ್ನುವುದು, ತಂಬಾಕು, ಎರಡೂ ಈ ಕಾಯಿಲೆಗೆ ದಾರಿ ಮಾಡಿಕೊಡುತ್ತವೆ. ಆದರೆ ಬರಹ ಓದಿ ಮುಗಿಸಿದ ಮೇಲೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಯಾಕೆಂದರೆ ನಮ್ಮ ಅಣ್ಣ ಬೀಡಿ ಮುಟ್ಟಿದವನಲ್ಲ, ಕುಡಿದವನಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಗದ್ದೆಗೆ ಹೋಗಿ ಹತ್ತಕ್ಕೆ ಸರಿಯಾಗಿ ಮುದ್ದೆ ಸೊಪ್ಪಿನ ಸಾರು ಉಣ್ಣುತ್ತಿದ್ದ ಮನುಷ್ಯ. ಅವನು 2019ರಲ್ಲಿ, 44ನೇ ವಯಸ್ಸಿಗೆ, ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಹೋದ. ಅವನಿಗಿಂತ ಮುಂಚೆ ನಮ್ಮ ಅಮ್ಮ ಹೋದರು, 46ಕ್ಕೆ. ಅವರಿಗಿಂತ ಮುಂಚೆ ಸೋದರಮಾವ, 39ಕ್ಕೆ. ಅದಕ್ಕೂ ಹಿಂದೆ ಅಜ್ಜಿ. ಅಜ್ಜಿಗೆ ಏನಾಯ್ತು ಅಂತ ಯಾರೂ ಬರೆದಿಟ್ಟಿಲ್ಲ. ಹೊಟ್ಟೆ ಬಾವು, ಉಂಡಿದ್ದು ನಿಲ್ಲುತ್ತಿರಲಿಲ್ಲ ಅಂತಷ್ಟೇ ಮನೆಯಲ್ಲಿ ಹೇಳುತ್ತಿದ್ದರು.

ಹೀಗೆ ಒಂದೇ ಮನೆಯಲ್ಲಿ ನಾಲ್ಕು ಜನ ಹೋಗುವುದಕ್ಕೆ ಊಟ ಕಾರಣ ಅಲ್ಲ. ಇದನ್ನು ಬರೆಯದೆ ಸುಮ್ನೆ ಇರೋಕೆ ನನ್ನಿಂದ ಆಗಲಿಲ್ಲ.

ನಾನು ಮಂಡ್ಯದವಳು. ಮೈಸೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ 22 ವರ್ಷ ಕೆಲಸ ಮಾಡಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಬಯಾಪ್ಸಿ ಅಂತ ನಿಮ್ಮ ಹೊಟ್ಟೆಯಿಂದ ತೆಗೆಯುವ ಚೂರು ಇರುತ್ತದಲ್ಲ, ಅದು ಡಾಕ್ಟರ ಕಣ್ಣಿಗೆ ಬೀಳುವ ಮುಂಚೆ ನಮ್ಮ ಕೈಯಲ್ಲಿ ಹಾದು ಹೋಗುತ್ತದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಚೂರು. ಫಾರ್ಮಾಲಿನ್ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ, ಮೈಕ್ರೋಟೋಮ್‌ನಲ್ಲಿ ಈರುಳ್ಳಿ ಪೊರೆಗಿಂತ ತೆಳ್ಳಗೆ, 4 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಬಿಸಿನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನಿಂದ ಮೆಲ್ಲಗೆ ಎತ್ತಿಕೊಳ್ಳಬೇಕು. ಆಮೇಲೆ ನೀಲಿ, ಗುಲಾಬಿ ಬಣ್ಣ ಕೊಡುತ್ತೇವೆ. ಎಷ್ಟು ಸಾವಿರ ಸ್ಲೈಡ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅದರಲ್ಲಿ ಒಂದು ನಮ್ಮ ಅಣ್ಣನದು.

ಅಣ್ಣನಿಗೆ 2018ರ ಶುರುವಿನಲ್ಲಿ ಊಟ ಸೇರುತ್ತಿರಲಿಲ್ಲ. ನೋವು ಅಂತೇನೂ ಇರಲಿಲ್ಲ. ಎರಡು ಮುದ್ದೆ ಉಣ್ಣುವವನು ಅರ್ಧಕ್ಕೆ ಕೈ ತೊಳೆಯುತ್ತಿದ್ದ. ‘ಯಾಕೋ ನಾಕು ತುತ್ತಿಗೇ ತುಂಬಿದಂಗಾಗ್ತದೆ’ ಅನ್ನುತ್ತಿದ್ದ. ಊರಿನ ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಮಾತ್ರೆ ಕೊಟ್ಟರು. ಆಸಿಡ್ ಕಡಿಮೆ ಮಾಡುವ ಆ ಮಾತ್ರೆ ತಗೊಂಡರೆ ಕ್ಯಾನ್ಸರ್ ಇದ್ದವರಿಗೂ ಕೆಲವು ದಿನ ಹಾಯೆನಿಸುತ್ತದೆ. ಅದೇ ಮೋಸ. ಎಂಟು ತಿಂಗಳು ಅದನ್ನೇ ನುಂಗಿದ. ನಡುವೆ ಒಂದು ಕಡೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು, ಮಾಡಿಸಿದರು, ಎರಡು ಚೂರು ತೆಗೆದು ನೋಡಿ ‘ಗ್ಯಾಸ್ಟ್ರೈಟಿಸ್’, ಬರೀ ಹೊಟ್ಟೆಯ ಒಳಪದರದ ಉರಿಯೂತ, ಅಂತ ಬರೆದು ಕಳಿಸಿದರು. ಅಷ್ಟು ಜನರಲ್ಲಿ ಒಬ್ಬರೂ, ಒಂದೇ ಒಂದು ಸಲವೂ, ‘ನಿಮ್ಮ ತಾಯಿ ಹೇಗೆ ತೀರಿಕೊಂಡರು?’ ಅಂತ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದ. ತಾನಾಗಿ ಹೇಳಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ಇದೇ ಕೆಲಸದಲ್ಲಿದ್ದವಳು ನಾನು. ಆ ನೋವು ಹೋಗುವುದಿಲ್ಲ.

ಕೊನೆಗೆ ದಸರಾಕ್ಕೆ ಮನೆಗೆ ಬಂದವನ ಅಂಗಿ ಮೈಮೇಲೆ ತೂಗುಬಿದ್ದಂತಿತ್ತು. ನಾನೇ ಜೊತೆಗೆ ಹೋಗಿ ಮೈಸೂರಿನಲ್ಲಿ ಮತ್ತೆ ಎಂಡೋಸ್ಕೋಪಿ ಮಾಡಿಸಿದೆ. ಒಳಗೆ ಗಾಳಿ ಬಿಟ್ಟಾಗ ಹೊಟ್ಟೆ ಹಿಗ್ಗಬೇಕು. ಅವನದು ಹಿಗ್ಗಲಿಲ್ಲ, ಹಳೆ ಚರ್ಮದ ಚೀಲದಂತೆ ಬಿಗಿದುಕೊಂಡಿತ್ತು. ಈ ಸಲ ಹತ್ತು ಚೂರು ತೆಗೆದರು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ನಾನೇ ಕತ್ತರಿಸಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕೋಶದೊಳಗೆ ಲೋಳೆ ತುಂಬಿಕೊಂಡು, ಅದರ ನಡುವಿನ ಬೀಜವನ್ನು ಒಂದು ಅಂಚಿಗೆ ಒತ್ತರಿಸಿ, ಪ್ರತಿ ಕೋಶವೂ ಹರಳಿನ ಉಂಗುರದ ಹಾಗೆ ಕಾಣುತ್ತಿತ್ತು. ಸಿಗ್ನೆಟ್ ರಿಂಗ್ ಕೋಶ ಅಂತಾರೆ. ಗುಂಪಾಗಿ ಗಡ್ಡೆ ಕಟ್ಟಿರಲಿಲ್ಲ. ಒಂದೊಂದೇ, ಒಂದೊಂದೇ, ಹೊಟ್ಟೆಯ ಗೋಡೆಯೊಳಗೆ ನುಸುಳಿ ಹರಡಿದ್ದವು. ಡಾಕ್ಟರು ಬಂದು ನೋಡುವವರೆಗೂ ನಾನು ಆ ಕುರ್ಚಿಯಿಂದ ಏಳಲಿಲ್ಲ.

ಈಗ ಆ ಕೋಶಗಳು ಯಾಕೆ ಹಾಗೆ ಬಿಡಿಬಿಡಿಯಾಗಿದ್ದವು ಅಂತ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ, ಕಷ್ಟದ ವಿಷಯ ಏನಲ್ಲ.

ನಮ್ಮ ಕಡೆ ವಿ.ಸಿ. ನಾಲೆಯ ನೀರಿಗೆ ನೀರುಗಂಟಿ ಇರುತ್ತಾನಲ್ಲ, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿ ತೂಬು ಎತ್ತುವವನು, ಇಳಿಸುವವನು. ಮೈಯಲ್ಲಿ ಹೊಸ ಕೋಶ ಹುಟ್ಟುವುದಕ್ಕೂ ಹಾಗೇ ಒಂದು ಕಾವಲು ಇದೆ. ಸಾಕು ನಿಲ್ಲಿಸು ಅನ್ನುವ ಜೀನ್‌ಗಳಿವೆ. ಅವನ್ನು ಟ್ಯೂಮರ್ ಸಪ್ರೆಸರ್ ಜೀನ್ ಅಂತಾರೆ. ಗಡ್ಡೆ ತಡೆಯುವ ಜೀನ್ ಅನ್ನೋಣ. ಇಂಥ ಪ್ರತಿ ಜೀನೂ ನಮ್ಮಲ್ಲಿ ಜೋಡಿ ಇರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಬ್ಬ ನೀರುಗಂಟಿ ಮಲಗಿದರೂ ಇನ್ನೊಬ್ಬ ತೂಬು ಇಳಿಸುತ್ತಾನೆ, ಗದ್ದೆಗೆ ಏನೂ ಆಗುವುದಿಲ್ಲ. ಇಬ್ಬರೂ ಹೋದರೆ ಮಾತ್ರ ನೀರು ನಿಲ್ಲುವುದಿಲ್ಲ. ಈ ಎರಡು ಪೆಟ್ಟಿನ ಲೆಕ್ಕವನ್ನು ಮೊದಲು ಹೇಳಿದವರು ಆಲ್ಫ್ರೆಡ್ ನೂಡ್ಸನ್ ಅನ್ನುವ ಅಮೆರಿಕದ ವೈದ್ಯರು, 1971ರಲ್ಲಿ, ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಪೆಟ್ಟು ತಿಂದು ಬಂದಿರುತ್ತಾರೆ, ಅವರಿಗೆ ಇನ್ನೊಂದೇ ಪೆಟ್ಟು ಸಾಕು, ಅದಕ್ಕೇ ಅಂಥವರಿಗೆ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರುವುದೂ ಜಾಸ್ತಿ ಅಂತ. ನಮ್ಮ ಅಣ್ಣನಿಗೆ 44ಕ್ಕೆ, ಮಾವನಿಗೆ 39ಕ್ಕೆ ಬಂದಿದ್ದು ಇದೇ ಲೆಕ್ಕದಲ್ಲಿ.

ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಇಂಥ ಹಲವು ಜೀನ್‌ಗಳು ಕಳೆದುಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚು ಸಲ ಕೆಡುವುದು ಟಿಪಿ53. ಕೋಶದ ಡಿಎನ್ಎಗೆ ಪೆಟ್ಟು ಬಿದ್ದರೆ, ಮೊದಲು ರಿಪೇರಿ ಮಾಡು, ಆಗದಿದ್ದರೆ ಸಾಯಿ ಅಂತ ಕೋಶಕ್ಕೆ ಹೇಳುವುದು ಅದೇ. 2014ರಲ್ಲಿ 295 ಜನರ ಹೊಟ್ಟೆಯ ಗಡ್ಡೆಗಳ ಜೀನ್‌ಗಳನ್ನು ಪೂರ್ತಿ ಓದಿ ನಾಲ್ಕು ಬಗೆ ಅಂತ ವಿಂಗಡಿಸಿದರು. ಅದರಲ್ಲಿ ಅರ್ಧದಷ್ಟು ಗಡ್ಡೆಗಳು, ಜೀನ್‌ಗಳನ್ನು ಹೊತ್ತಿರುವ ವರ್ಣತಂತುಗಳೇ ತುಂಡಾಗಿ ಎಲ್ಲೆಲ್ಲೋ ಸೇರಿಕೊಂಡ ಬಗೆಯವು. ಆ ಬಗೆಯಲ್ಲಿ ಹತ್ತರಲ್ಲಿ ಏಳಕ್ಕೆ ಟಿಪಿ53 ಕೆಟ್ಟಿತ್ತು. ಇದು ಸಾಮಾನ್ಯವಾಗಿ ಹುಟ್ಟಿನಿಂದ ಬಂದಿದ್ದಲ್ಲ, ಬದುಕಿನ ಹಾದಿಯಲ್ಲಿ ಹೊಟ್ಟೆಯ ಆ ಜಾಗದಲ್ಲಿ ಮಾತ್ರ ಆಗುವ ನಷ್ಟ. ಮಕ್ಕಳಿಗೆ ಹೋಗುವುದಿಲ್ಲ.

ನಮ್ಮ ಮನೆಯದು ಬೇರೆ ಜೀನ್. ಸಿಡಿಎಚ್1 ಅಂತ, 16ನೇ ವರ್ಣತಂತುವಿನಲ್ಲಿ ಇರುತ್ತದೆ. ಇ-ಕ್ಯಾಡ್‌ಹೆರಿನ್ ಅನ್ನುವ ಪ್ರೋಟೀನ್ ಮಾಡುವುದು ಅದರ ಕೆಲಸ. ಕೆಆರ್‌ಎಸ್ ಕಟ್ಟೆಯನ್ನು ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಲ್ಲಿಗೂ ಕಲ್ಲಿಗೂ ನಡುವೆ ಆ ಗಾರೆ ಹೇಗೋ, ಹೊಟ್ಟೆಯ ಒಳಪದರದಲ್ಲಿ ಕೋಶಕ್ಕೂ ಕೋಶಕ್ಕೂ ನಡುವೆ ಇ-ಕ್ಯಾಡ್‌ಹೆರಿನ್ ಹಾಗೆ. ಅದು ಹೋದರೆ ಕೋಶಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಕಳಚಿಕೊಂಡು ಒಂದೊಂದೇ ಒಳಗೆ ಇಳಿಯುತ್ತವೆ. ಅದಕ್ಕೇ ಅಣ್ಣನ ಸ್ಲೈಡಿನಲ್ಲಿ ಗಡ್ಡೆ ಕಾಣದೆ ಬಿಡಿ ಕೋಶಗಳು ಕಂಡಿದ್ದು, ಅದಕ್ಕೇ ಮೊದಲ ಎಂಡೋಸ್ಕೋಪಿಯಲ್ಲಿ ಹುಣ್ಣಾಗಲಿ ಗಂಟಾಗಲಿ ಕಾಣದೆ ಹೋಗಿದ್ದು. ಮೇಲ್ಮೈ ನೋಡಲು ಚೆನ್ನಾಗೇ ಇರುತ್ತದೆ, ಕಾಯಿಲೆ ಕೆಳಗೆ ಓಡಾಡುತ್ತಿರುತ್ತದೆ. ಆಮೇಲೆ ಅದೇ ಬ್ಲಾಕಿನಿಂದ ಇ-ಕ್ಯಾಡ್‌ಹೆರಿನ್‌ಗೆ ಬಣ್ಣ ಕೊಟ್ಟು ನೋಡಿದೆವು. ಪಕ್ಕದ ಒಳ್ಳೆಯ ಗ್ರಂಥಿಗಳಲ್ಲಿ ಪ್ರತಿ ಕೋಶದ ಸುತ್ತ ಕಂದು ಗೆರೆ, ಜೇನುಹುಟ್ಟಿನ ಹಾಗೆ, ಅಚ್ಚುಕಟ್ಟಾಗಿ ಕೂತಿತ್ತು. ಉಂಗುರದ ಕೋಶಗಳ ಸುತ್ತ ಏನೂ ಇಲ್ಲ. ಬರೀ ಬಿಳಿ. ಜೀನ್ ಕಳೆದುಹೋಗುವುದು ಅಂದರೆ ಏನು ಅಂತ ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಮನೆಯವನ ಸ್ಲೈಡಿನಲ್ಲಿ ಹಾಗೆ ನೋಡಿದೆ.

ಈ ಜೀನಿನ ಕಥೆ ಗೊತ್ತಾಗಿದ್ದು ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದಿಂದ. ಅಲ್ಲಿಯೂ ತಲೆಮಾರುಗಳಿಂದ ಎಳೆ ವಯಸ್ಸಿನವರು ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಸಾಯುತ್ತಿದ್ದರು. ಶಾಪ ಇದೆ ಅನ್ನುವ ಮಾತು ಅವರಲ್ಲೂ ಇತ್ತು. ಕುಟುಂಬದವರೇ ಒಟ್ಟಾಗಿ, ಇದೇನು ಅಂತ ಹುಡುಕಿಕೊಡಿ ಅಂತ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಕೇಳಿದರು. ಪ್ಯಾರಿ ಗಿಲ್ಫರ್ಡ್ ಮತ್ತು ಜೊತೆಗಾರರು 1998ರಲ್ಲಿ ಕಾರಣ ಸಿಡಿಎಚ್1 ಅಂತ ಪ್ರಕಟಿಸಿದರು. ವಂಶವೃಕ್ಷ ಬರೆದು, ಯಾರು ಯಾವ ವಯಸ್ಸಿಗೆ ಹೋದರು ಅಂತ ನೆನಪಿಸಿಕೊಂಡು, ರಕ್ತ ಕೊಟ್ಟಿದ್ದು ಆ ಮನೆಯವರು. ನಮ್ಮ ಅಣ್ಣನ ಪರೀಕ್ಷೆಗೆ ಡಾಕ್ಟರು ಚೀಟಿ ಬರೆದುಕೊಟ್ಟ ದಿನ ಆ ಮಂದಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಣ್ಣನ ರಕ್ತದ ರಿಪೋರ್ಟ್ ಬಂತು, ಸಿಡಿಎಚ್1ನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿತ್ತು. ಎರಡನೆಯ ಪ್ರತಿಗೆ ಪೆಟ್ಟು ಆಮೇಲೆ ಬಿದ್ದಿದ್ದು. ಈ ಎರಡನೆಯ ಪೆಟ್ಟು ಬಹಳ ಸಲ ಜೀನ್ ಮುರಿದು ಬೀಳುವುದರಿಂದ ಆಗುವುದಿಲ್ಲ. ಜೀನ್ ಇದ್ದ ಹಾಗೇ ಇರುತ್ತದೆ, ಅದರ ಬಾಗಿಲಿಗೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿಕೊಂಡು ಬೀಗ ಬೀಳುತ್ತದೆ. ನೀರುಗಂಟಿ ಇದ್ದಾನೆ, ಕೈ ಕಟ್ಟಿಹಾಕಿದ್ದಾರೆ ಅಷ್ಟೇ. ಹೊಟ್ಟೆಯಲ್ಲಿ ವರ್ಷಗಟ್ಟಲೆ ಕೂರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಉರಿಯೂತ ಎಬ್ಬಿಸಿ ಇಂಥ ಬೀಗ ಹಾಕಿಸುತ್ತದೆ. ಈ ಬ್ಯಾಕ್ಟೀರಿಯಾ ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಯಾರೂ ನಂಬದಿದ್ದಾಗ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯಾ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದವರು. ನಮ್ಮ ದೇಶದಲ್ಲಿ ತುಂಬಾ ಜನರ ಹೊಟ್ಟೆಯಲ್ಲಿ ಇದು ಇದೆ, ಅವರಲ್ಲಿ ಬಹುಪಾಲು ಜನರಿಗೆ ಯಾವತ್ತೂ ಕ್ಯಾನ್ಸರ್ ಬರುವುದಿಲ್ಲ. ಹೆದರಬೇಡಿ. ಆದರೆ ಮನೆಯಲ್ಲಿ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ ಇದನ್ನು ಪರೀಕ್ಷೆ ಮಾಡಿಸಿ. ಉಸಿರಿನಲ್ಲೋ ಮಲದಲ್ಲೋ ನೋಡಿ ಹೇಳುತ್ತಾರೆ. ಇದ್ದರೆ ಎರಡು ವಾರದ ಮಾತ್ರೆಯಲ್ಲಿ ಹೋಗಿಸಬಹುದು. ಮಾತ್ರೆ ನಡುವೆ ಬಿಡಬಾರದು.

ಔಷಧಿ ಅಂಗಡಿಯವರೊಬ್ಬರು ನನ್ನನ್ನು ಕೇಳಿದರು, ಜೀನ್ ಯಾವುದು ಅಂತ ಗೊತ್ತಾದ ಮೇಲೆ ಅದಕ್ಕೇ ಒಂದು ಮಾತ್ರೆ ಮಾಡಬಹುದಲ್ವಾ ಅಂತ. ನನಗೂ ಮೊದಲು ಹಾಗೇ ಅನಿಸಿತ್ತು. ಕೆಲವು ಹೊಟ್ಟೆಯ ಕ್ಯಾನ್ಸರ್‌ಗಳಲ್ಲಿ ಹರ್2 ಅನ್ನುವ ಪ್ರೋಟೀನ್ ಜಾಸ್ತಿ ಆಗಿರುತ್ತದೆ, ಅದನ್ನು ಹಿಡಿದು ಕಟ್ಟಿಹಾಕುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಇದೆ. ಜಾಸ್ತಿ ಆಗಿದ್ದನ್ನು ಅಡಗಿಸಬಹುದು. ಆದರೆ ಇಲ್ಲದೇ ಹೋಗಿದ್ದನ್ನು ಎಲ್ಲಿಂದ ತರುವುದು? ಗಡ್ಡೆ ತಡೆಯುವ ಜೀನ್‌ಗಳ ವಿಷಯದಲ್ಲಿ ಔಷಧಿ ಹಿಂದೆ ಬಿದ್ದಿರುವುದು ಇದಕ್ಕೇ. ಒಂದು ಸಮಾಧಾನ ಇದೆ. ಎಂಎಲ್‌ಎಚ್1 ಅನ್ನುವ ರಿಪೇರಿ ಜೀನಿಗೆ ಬೀಗ ಬಿದ್ದ ಗಡ್ಡೆಗಳಿಗೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ, ಹರ್2 ನೋಡಿದ್ದೀರಾ, ಎಂಎಲ್‌ಎಚ್1 ನೋಡಿದ್ದೀರಾ ಅಂತ ಡಾಕ್ಟರನ್ನು ಕೇಳಿ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಅಣ್ಣನಿಗೆ ಎರಡೂ ಉಪಯೋಗಕ್ಕೆ ಬರಲಿಲ್ಲ. ಕೀಮೋ ಕೊಟ್ಟರು. ಏಳು ತಿಂಗಳು ಇದ್ದ.

ಅವನು ಹೋದ ಮೇಲೆ ಊರಿನಲ್ಲಿ ಬಂದ ಮಾತುಗಳನ್ನು ಬರೆಯಲೇಬೇಕು. ಅತ್ತಿಗೆಯ ಕಾಲ್ಗುಣ ಅಂದರು. ಮದುವೆಯಾಗಿ 22 ವರ್ಷ ಆ ಮನೆಯ ದನ, ಗದ್ದೆ, ಅತ್ತೆ ಮಾವ ಎಲ್ಲ ನೋಡಿಕೊಂಡ ಹೆಣ್ಣುಮಗಳಿಗೆ, ಗಂಡನ ತಿಥಿಯ ದಿನ ಕೇಳಿಸುವ ಹಾಗೆ ಅಂದರು. ಮನೆದೇವರಿಗೆ ಹರಕೆ ತೀರಿಸಿಲ್ಲ ಅಂದರು. ಇನ್ನೂ ಕೆಲವರು, ಓದಿದವರೇ, ನಮ್ಮ ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆ ಆಗಿದ್ದು ಕಾರಣ ಅಂದರು. ಅಪ್ಪ ನಮ್ಮ ಅಮ್ಮನಿಗೆ ಸೋದರತ್ತೆಯ ಮಗ. ಸಂಬಂಧದ ಮದುವೆಯಿಂದ ಜಾಸ್ತಿಯಾಗುವ ಕಾಯಿಲೆಗಳು ಇವೆ, ಇಲ್ಲ ಅನ್ನುವುದಿಲ್ಲ. ಅವು ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಾದ ಕಾಯಿಲೆಗಳು. ಇದಕ್ಕೆ ಒಬ್ಬರಿಂದ ಬಂದರೆ ಸಾಕು. ದೂರದ ಊರಿನಿಂದ, ಬೇರೆ ಬಳಗದಿಂದ ಹೆಣ್ಣು ತಂದಿದ್ದರೂ ಅಷ್ಟೇ ಆಗುತ್ತಿತ್ತು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಯಾರ ತಪ್ಪೂ ಅಲ್ಲ. ಅತ್ತಿಗೆಗೆ ಇದನ್ನು ಎಷ್ಟು ಸಲ ಹೇಳಿದ್ದೇನೆ. ಒಂದು ದಿನ ಅವರು, ‘ನೀವು ನಂಗೆ ಹೇಳೋದಲ್ಲ, ಅವ್ರಿಗೆಲ್ಲ ಹೇಳಿ’ ಅಂದರು. ಅದಕ್ಕೇ ಈಗ ಪೇಪರಿನಲ್ಲಿ ಹೇಳುತ್ತಿದ್ದೇನೆ.

ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನಗೆ ಬಂದಿಲ್ಲ. ನನಗೆ ಇಲ್ಲ ಅಂದ ಮೇಲೆ ನನ್ನ ಮಕ್ಕಳಿಗೂ ಹೋಗುವುದಿಲ್ಲ. ರಿಪೋರ್ಟ್ ಓದಿ ಸಂತೋಷವಾಗಬೇಕಿತ್ತು. ಅವತ್ತು ಸಂಜೆ ಮಂಡ್ಯಕ್ಕೆ ವಾಪಸ್ ಬರುವ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಅಳುತ್ತಲೇ ಇದ್ದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಅವನಿಗೆ ಬಂತು, ನನಗೆ ಬರಲಿಲ್ಲ.

ಅಣ್ಣನ ಮಗಳು ಆಗ ಡಿಗ್ರಿ ಓದುತ್ತಿದ್ದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಈ ಕಾಗದ ಕಳಿಸುವ ಮುಂಚೆ ಅವಳೇ ಓದಿದ್ದಾಳೆ. ನೆಂಟರೆಲ್ಲ ಸೇರಿ, ಮದುವೆ ವಯಸ್ಸಿನ ಹುಡುಗಿ, ಈಗ ಪರೀಕ್ಷೆ ಬೇಡ, ಮದುವೆ ಆದ ಮೇಲೆ ನೋಡಿಕೊಳ್ಳೋಣ ಅಂದರು. ಅವಳು ನನ್ನ ಕೈ ಹಿಡಿದು, ‘ಅತ್ತೆ, ನಂಗೊಬ್ಳಿಗೆ ಮುಚ್ಚಿಡಬೇಡಿ, ಅಪ್ಪನ ತರ ತಡ ಆಗೋದು ಬೇಡ’ ಅಂದಳು. 22ಕ್ಕೆ ಪರೀಕ್ಷೆ ಮಾಡಿಸಿದೆವು. ಇತ್ತು.

ಈ ಜೀನ್ ಕೆಟ್ಟಿರುವವರೆಲ್ಲರಿಗೂ ಕ್ಯಾನ್ಸರ್ ಬಂದೇ ಬರುತ್ತದೆ ಅಂತಿಲ್ಲ. ಹಳೆಯ ಲೆಕ್ಕದಲ್ಲಿ ಗಂಡಸರಲ್ಲಿ ನೂರಕ್ಕೆ 70 ಅನ್ನುತ್ತಿದ್ದರು, 2019ರ ಲೆಕ್ಕದಲ್ಲಿ 40ರ ಆಸುಪಾಸು, ಹೆಂಗಸರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ಹಾಗೆ ಮನೆಯಲ್ಲಿ ಹಲವರು ಹೋಗಿದ್ದರೆ ಅಪಾಯ ಜಾಸ್ತಿ. ಹೆಂಗಸರಿಗೆ ಒಂದು ಬಗೆಯ ಸ್ತನ ಕ್ಯಾನ್ಸರ್‌ನ ಅಪಾಯವೂ ಇದೆ, ಅದಕ್ಕೆ ಮೂವತ್ತರಿಂದ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಬೇಕು. ಹೊಟ್ಟೆಗೆ ಇರುವುದು ಎರಡು ದಾರಿ. ಒಂದು, ಪ್ರತಿ ವರ್ಷ ಎಂಡೋಸ್ಕೋಪಿ ಮಾಡಿ ಮೂವತ್ತರ ಹತ್ತಿರ ಚೂರು ತೆಗೆದು ನೋಡುವುದು. ಇನ್ನೊಂದು, ಕಾಯಿಲೆ ಬರುವ ಮುಂಚೆಯೇ ಹೊಟ್ಟೆಯನ್ನು ಪೂರ್ತಿ ತೆಗೆಸಿ ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುವುದು. ಎರಡನೆಯದನ್ನು ಸಾಮಾನ್ಯವಾಗಿ 20ರಿಂದ 30 ವರ್ಷದೊಳಗೆ ಮಾಡಿಸಿಕೊಳ್ಳಿ ಅನ್ನುತ್ತಾರೆ. ಕೇಳಿದವರಿಗೆ ಎದೆ ಝಲ್ಲೆನ್ನುತ್ತದೆ. ನಮಗೂ ಹಾಗೇ ಆಯಿತು. ಅವಳು ಒಂದು ವರ್ಷ ಯೋಚನೆ ಮಾಡಿದಳು, ನಾವು ಯಾರೂ ಒತ್ತಾಯ ಮಾಡಲಿಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು.

ತೆಗೆದ ಹೊಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಪರೀಕ್ಷೆ ಮಾಡಿದರು. ಎಂಡೋಸ್ಕೋಪಿಯಲ್ಲಿ ಏನೂ ಇಲ್ಲ, ಚೆನ್ನಾಗಿದೆ ಅಂತ ಬಂದಿದ್ದ ಹೊಟ್ಟೆ. ಮೂರು ಕಡೆ ಉಂಗುರದ ಕೋಶಗಳ ಪುಟ್ಟ ಗುಂಪು ಸಿಕ್ಕಿತು, ಮೇಲಿನ ಪದರದಲ್ಲೇ, ಇನ್ನೂ ಕೆಳಗೆ ಇಳಿದಿರಲಿಲ್ಲ. ಅವಳ ವಯಸ್ಸು ಆಗ 23.

ಈಗ ಹೇಗಿದ್ದಾಳೆ ಅಂತ ಕೇಳುತ್ತೀರಿ. ಮೊದಲ ಆರು ತಿಂಗಳು ಕಷ್ಟ ಇತ್ತು. 12 ಕೆಜಿ ಇಳಿದಳು. ಒಂದು ಸಲಕ್ಕೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಅದನ್ನೂ ಬಸ್ಸಾರಿನಲ್ಲಿ ಅದ್ದಿ ಮೆಲ್ಲಗೆ. ಮುದ್ದೆಯನ್ನು ನುಂಗಬೇಕು ಅನ್ನುವ ಮನೆಯಲ್ಲಿ ಅವಳು ಅಗಿದು ತಿನ್ನುವುದನ್ನು ಕಲಿತಳು. ಊಟದ ಜೊತೆ ನೀರು ಕುಡಿಯಬಾರದು. ಸಿಹಿ ಜಾಸ್ತಿ ತಿಂದರೆ ಎದೆ ಹೊಡೆದುಕೊಂಡು ಬೆವರು ಬರುತ್ತದೆ, ಆದ್ದರಿಂದ ಯಾರದಾದರೂ ಮದುವೆಯಲ್ಲಿ ಮೈಸೂರು ಪಾಕ್ ಬಡಿಸಿದರೆ ಚೂರು ಮುರಿದುಕೊಂಡು ಉಳಿದಿದ್ದನ್ನು ತಮ್ಮನ ಎಲೆಗೆ ಹಾಕುತ್ತಾಳೆ. ಹೊಟ್ಟೆ ಇಲ್ಲದೆ ಬಿ12 ಮೈಗೆ ಹತ್ತುವುದಿಲ್ಲ, ಅದಕ್ಕೆ ತಪ್ಪದೆ ಇಂಜೆಕ್ಷನ್. ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತಾಳೆ. ಕೆಲಸಕ್ಕೆ ಹೋಗುತ್ತಾಳೆ. ಹೋದ ಸಂಕ್ರಾಂತಿಗೆ ಬೀದಿಯವರಿಗೆಲ್ಲ ಎಳ್ಳು ಬೀರಿ ಬಂದಳು. ಇದ್ದಾಳೆ. ನನಗೆ ಅಷ್ಟು ಸಾಕು.

ಹೊಟ್ಟೆಯ ಕ್ಯಾನ್ಸರ್ ಎಲ್ಲವೂ ಹೀಗೆ ಮನೆತನದಲ್ಲಿ ಬರುವುದಿಲ್ಲ ಅಂತ ಮತ್ತೆ ಹೇಳುತ್ತೇನೆ. ನೂರರಲ್ಲಿ ಒಂದರಿಂದ ಮೂರು ಮಾತ್ರ. ಹೊಟ್ಟೆ ಉಬ್ಬರ ಅಂದವರೆಲ್ಲ ಜೀನ್ ಪರೀಕ್ಷೆಗೆ ಓಡಬೇಕಾಗಿಲ್ಲ. ಆದರೆ ಮನೆಯಲ್ಲಿ ಹತ್ತಿರದವರಲ್ಲಿ ಇಬ್ಬರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ, ಇಲ್ಲವೇ ಒಬ್ಬರಿಗೇ 50ರ ಒಳಗೆ, ಅಣ್ಣನಿಗೆ ಆದ ಹಾಗೆ ಬಿಡಿ ಕೋಶಗಳಾಗಿ ಹರಡುವ ಬಗೆಯದು ಆಗಿದ್ದರೆ, ತಡ ಮಾಡಬಾರದು. ಬದುಕಿರುವ ರೋಗಿಯ ರಕ್ತವನ್ನು ಮೊದಲು ಕಳಿಸಬೇಕು. ಅವರ ಜೀನಿನಲ್ಲಿ ಕೆಟ್ಟಿರುವ ಜಾಗ ಯಾವುದು ಅಂತ ಸಿಕ್ಕರೆ ಉಳಿದವರಿಗೆ ಅದೊಂದನ್ನೇ ಹುಡುಕಿದರೆ ಆಯಿತು, ಖರ್ಚೂ ಕಡಿಮೆ. ಅಣ್ಣನ ಪರೀಕ್ಷೆಗೆ ನಾವು ಇಪ್ಪತ್ತು ಸಾವಿರದ ಹತ್ತಿರ ಕೈಯಿಂದ ಕೊಟ್ಟೆವು. ಕಬ್ಬಿನ ಬಾಕಿ ಬರದೆ ಕೂತ ರೈತ ಇಷ್ಟು ಎಲ್ಲಿಂದ ತರಬೇಕು? ಇಂಥ ಮನೆಗಳಿಗೆ ಈ ಪರೀಕ್ಷೆಯ ಖರ್ಚನ್ನು ಸರ್ಕಾರ ಕೊಡಬೇಕು. ರಿಪೋರ್ಟಿನಲ್ಲಿ ಕೆಲವು ಸಲ ಕೆಟ್ಟದ್ದೋ ಒಳ್ಳೆಯದ್ದೋ ಹೇಳಲಾಗದ ಬದಲಾವಣೆ ಬರುತ್ತದೆ, ಅದನ್ನು ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳುವವರು ಮೈಸೂರು, ಮಂಡ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇಕು. ವಾರಕ್ಕೊಂದು ದಿನ ಕೂತರೂ ಸಾಕು. ಇನ್ನೊಂದು ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ಹೊರರೋಗಿ ಚೀಟಿಯಲ್ಲಿ ವಯಸ್ಸು, ತೂಕ, ಬಿಪಿ ಬರೆಯುವ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕಿ: ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ, ಯಾವ ಜಾಗ, ಯಾವ ವಯಸ್ಸು.

ಸಂಪಾದಕರೇ, ನಿಮಗೆ ಈ ಕಾಗದ ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ಅಜ್ಜಿಗೆ ಒಬ್ಬ ತಂಗಿ ಇದ್ದರು, ನಾಗಮಂಗಲದ ಕಡೆಗೆ ಕೊಟ್ಟಿದ್ದು. ಜಮೀನಿನ ವಿಷಯಕ್ಕೆ ಮನಸ್ತಾಪ ಆಗಿ ನಲವತ್ತು ವರ್ಷದಿಂದ ಹೋಗಿ ಬರುವುದು ನಿಂತಿದೆ. ಆ ಮನೆಯಲ್ಲೂ ಒಬ್ಬರು ಹೊಟ್ಟೆಯ ಕಾಯಿಲೆಯಲ್ಲೇ ಹೋದರು ಅಂತ ಈಚೆಗೆ ಕೇಳಿದೆ. ಅಣ್ಣನ ಮಗಳು ವಂಶವೃಕ್ಷ ಬರೆಯುತ್ತಿದ್ದಾಳೆ. ಆ ಕೊಂಬೆಯಲ್ಲಿ ಮೂರು ಮನೆ, ಹನ್ನೊಂದು ಮಕ್ಕಳು ಇದ್ದಾರೆ ಅನ್ನುವಷ್ಟೇ ಗೊತ್ತು, ಹೆಸರುಗಳ ಜಾಗ ಖಾಲಿ ಇದೆ. ಎರಡು ಸಲ ಹೇಳಿಕಳಿಸಿದೆ, ಉತ್ತರ ಬರಲಿಲ್ಲ. ಆ ಮನೆಗೆ ನಿಮ್ಮ ಪತ್ರಿಕೆ ಬರುತ್ತದೆ ಅಂತ ಅವರ ಊರಿನವರು ಹೇಳಿದರು. ಚಿಕ್ಕಜ್ಜಿಯ ಮನೆಯವರು ಯಾರಾದರೂ ಇದನ್ನು ಓದಿದರೆ, ನಾನು ಯಾರು ಅಂತ ನಿಮಗೆ ಗೊತ್ತಾಗಿರುತ್ತದೆ. ಜಮೀನಿನ ಮಾತು ಎತ್ತುವುದಿಲ್ಲ. ಮಂಡ್ಯದ ಮನೆ ಅದೇ ಹಳೆಯದು, ಬನ್ನಿ. ಬರಲಾಗದಿದ್ದರೆ ಹೇಳಿಕಳಿಸಿ, ಅಣ್ಣನ ರಿಪೋರ್ಟಿನ ಪ್ರತಿ ತೆಗೆದುಕೊಂಡು ನಾನೇ ಬರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಮಂಡ್ಯ